ಮೊಬೈಲ್ ತೋರಿಸೋ ಚಳಿ ಬೇರೆ, ತೋಟದೊಳಗಿನ ಚಳಿ ಬೇರೆ

ಏಪ್ರಿಲ್ ಬಂತೆಂದರೆ ಯೂಟ್ಯೂಬಿನಲ್ಲಿ ಒಂದು ಥರದ ವಿಡಿಯೋ ಓಡಾಡೋಕೆ ಶುರುವಾಗುತ್ತೆ. ಉತ್ತರ ಇಟಲಿಯ ಸೌತ್ ಟಿರೋಲ್ ಕಣಿವೆ, ಮೈತುಂಬ ಹೂ ಬಿಟ್ಟ ಸೇಬಿನ ಗಿಡಗಳು, ಆ ಹೂವಿನ ಮೇಲೆಲ್ಲ ಗಾಜಿನ ಹಾಗೆ ಮಂಜುಗಡ್ಡೆ. ಪಕ್ಕದಲ್ಲಿ ಸ್ಪ್ರಿಂಕ್ಲರ್ ತನ್ನ ಪಾಡಿಗೆ ತಿರುಗ್ತಾ ಇರುತ್ತೆ. ಇನ್ನೊಂದು ಫ್ರಾನ್ಸಿನದು. ಕತ್ತಲಲ್ಲಿ ದ್ರಾಕ್ಷಿ ಸಾಲುಗಳ ನಡುವೆ ಸಾವಿರಾರು ಮೇಣದ ಡಬ್ಬಿಗಳು ದೀಪಾವಳಿ ಹಣತೆಗಳಂತೆ ಉರೀತಾ ಇರುತ್ತವೆ. ನೋಡೋಕೆ ಚೆಂದ. ಲೈಕು ಒತ್ತಿ ಮುಂದೆ ಹೋಗ್ತೀವಿ.

ಇದೇ ವಿಡಿಯೋಗಳು ಡಿಸೆಂಬರ್‌ನಲ್ಲಿ ವಿಜಯಪುರ, ಬಾಗಲಕೋಟೆ, ಅಥಣಿ ಕಡೆಯ ದ್ರಾಕ್ಷಿ ಬೆಳೆಗಾರರ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಮತ್ತೆ ತಿರುಗ್ತವೆ. ಕೆಳಗೆ ಒಂದು ಪ್ರಶ್ನೆ ಇದ್ದೇ ಇರುತ್ತೆ: "ಅಣ್ಣಾ, ಥಂಡಿ ಭಾಳ ಬಿದ್ದೈತಿ. ನಾವೂ ರಾತ್ರಿ ಸ್ಪ್ರಿಂಕ್ಲರ್ ಬಿಡೋಣೇನ್ರಿ?"

ಬಿಡಬೇಡಿ. ಅಲ್ಲಿ ಹೂ ಉಳಿಸೋ ನೀರು ನಮ್ಮಲ್ಲಿ ಗೊನೆ ಕೆಡಿಸುತ್ತೆ. ಯಾಕೆ ಅಂತ ತಿಳಿದರೆ ನಮ್ಮ ಪಡದಲ್ಲಿ ಏನು ಮಾಡಬೇಕು ಅನ್ನೋದೂ ತಿಳಿಯುತ್ತೆ. ಅದಕ್ಕೆ ಈ ವಾರ ಮೊದಲು ಹಿಮಾಚಲದ ಸೇಬಿನ ತೋಟಕ್ಕೆ ಹೋಗಿ, ಅಲ್ಲಿಂದ ನಮ್ಮ ಹೊಲಕ್ಕೆ ಬರೋಣ.

ಎಚ್ಚರ ಆದ ಮೇಲೆ ಬೀಳೋ ಏಟು

ಶಿಮ್ಲಾ ಜಿಲ್ಲೆಯ ಕೋಟಖಾಯಿ, ರೋಹಡು, ಆಚೆ ಕುಲ್ಲು ಕಣಿವೆ. ಇಲ್ಲಿನ ಸೇಬು ಬೆಳೆಗಾರರಿಗೆ ಚಳಿಗಾಲದ ಹಿಮ ಕಂಡರೆ ಖುಷಿ. ಸೇಬಿನ ಗಿಡಕ್ಕೆ ನಿದ್ದೆ ಬೇಕು, ನಿದ್ದೆಗೆ ಚಳಿ ಬೇಕು. ಎಲೆ ಉದುರಿಸಿ ಮಲಗಿದ ಗಿಡ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯನ್ನೂ ತಡ್ಕೊಳ್ಳುತ್ತೆ. ಅವರಿಗೆ ಭಯ ಇರೋದು ಮಾರ್ಚ್ ಕೊನೆ, ಏಪ್ರಿಲ್ ತಿಂಗಳ ರಾತ್ರಿಗಳದ್ದು. ಆಗ ಹಿಮ ಬೀಳಬೇಕಂತಲೂ ಇಲ್ಲ. ಆಕಾಶ ಸ್ವಚ್ಛವಾಗಿರುತ್ತೆ, ನಕ್ಷತ್ರ ಹೊಳೀತಿರುತ್ತವೆ, ಗಾಳಿ ಅಲ್ಲಾಡಲ್ಲ. ಬೆಳಗ್ಗೆ ನೋಡಿದರೆ ಹುಲ್ಲಿನ ಮೇಲಿನ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿರುತ್ತೆ. ಅವರು ಇದನ್ನ 'ಪಾಲಾ' ಅಂತಾರೆ, ಇಂಗ್ಲಿಷಿನವರು ಫ್ರಾಸ್ಟ್ ಅಂತಾರೆ. ನಮ್ಮ ಕಡೆ ಇದಕ್ಕೆ ದಿನಬಳಕೆಯ ಹೆಸರಿಲ್ಲ, ಬೇಕಾಗಿಯೂ ಬಂದಿಲ್ಲ. ಈ ಲೇಖನದಲ್ಲಿ ಫ್ರಾಸ್ಟ್ ಅಂತಲೇ ಕರೀತೀನಿ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೇಬು ತೋಟಗಳಿಗಾಗಿ ಅಲ್ಲಿನ ವಿಶ್ವವಿದ್ಯಾಲಯ ಮಾಡಿದ ಒಂದು ಪಟ್ಟಿ ಇದೆ. ತೋಟಗಾರಿಕೆ ಓದಿದವರು ನೋಡಿರ್ತಾರೆ. ಮೊಗ್ಗು ಬೆಳ್ಳಿ ಬಣ್ಣಕ್ಕೆ ತಿರುಗಿದ ಹಂತದಲ್ಲಿ ನೂರರಲ್ಲಿ ಹತ್ತು ಮೊಗ್ಗು ಸಾಯಬೇಕಾದರೆ ಮೈನಸ್ 9.4 ಡಿಗ್ರಿ ಚಳಿ ಬೇಕು. ಹಸಿರು ತುದಿ ಕಂಡ ಮೇಲೆ ಮೈನಸ್ 7.8 ಸಾಕು. ಹೂಗೊಂಚಲು ಬಿಗಿಯಾಗಿ ಕಂಡಾಗ ಮೈನಸ್ 2.8. ಹೂ ಪೂರ್ತಿ ಅರಳಿದಾಗ ಮೈನಸ್ 2.2. ಅರಳಿದ ಹೂವಿಗೆ ಚಳಿ ಮೈನಸ್ 3.9ಕ್ಕೆ ಇಳಿದರೆ ನೂರಕ್ಕೆ ತೊಂಬತ್ತು ಹೂ ಹೋದವು ಅಂತಲೇ ಲೆಕ್ಕ. ಅಂದರೆ ಹತ್ತು ಪರ್ಸೆಂಟ್ ನಷ್ಟಕ್ಕೂ ತೊಂಬತ್ತು ಪರ್ಸೆಂಟ್ ನಷ್ಟಕ್ಕೂ ನಡುವೆ ಇರೋದು 1.7 ಡಿಗ್ರಿ ಮಾತ್ರ. ಈ ಅಂಕಿ ನೆನಪಿಟ್ಟುಕೊಳ್ಳಿ. ಒಂದೂವರೆ ಎರಡು ಡಿಗ್ರಿಗಾಗಿ ಅವರು ರಾತ್ರಿಯೆಲ್ಲ ಯಾಕೆ ಒದ್ದಾಡ್ತಾರೆ ಅನ್ನೋದಕ್ಕೆ ಉತ್ತರ ಅಲ್ಲೇ ಇದೆ.

ಸೊನ್ನೆಗೇ ಯಾಕೆ ಹೆಪ್ಪುಗಟ್ಟಲ್ಲ ಅಂತ ಕೇಳಬಹುದು. ಗಿಡದ ರಸದಲ್ಲಿ ಸಕ್ಕರೆ, ಲವಣ ಇರುತ್ತೆ, ಬರೀ ನೀರಿಗಿಂತ ಅದು ತಡವಾಗಿ ಗಟ್ಟಿಯಾಗುತ್ತೆ. ಜೊತೆಗೆ ಮಂಜಿನ ಮೊದಲ ಹರಳು ಹುಟ್ಟೋಕೆ ಒಂದು ಆಸರೆ ಬೇಕು. ಎಲೆ ಮೇಲೆ ಇರೋ ಸ್ಯೂಡೋಮೊನಾಸ್ ಸಿರಿಂಜೆ ಅನ್ನೋ ಬ್ಯಾಕ್ಟೀರಿಯಾ ಆ ಆಸರೆ ಕೊಡುತ್ತೆ. (ಹೌದು, ಜೈವಿಕ ಗೊಬ್ಬರದಂಗಡಿಯಲ್ಲಿ ಸಿಗೋ ಸ್ಯೂಡೋಮೊನಾಸ್‌ನ ದಾಯಾದಿಯೇ. ಆದರೆ ನಾವು ಹಾಕೋ ಫ್ಲೂರೊಸೆನ್ಸ್ ಬೇರೆ ಜಾತಿ.)

ಇನ್ನು ಬಿಸಿಲು ಮಾಡೋ ಮೋಸ. ಫೆಬ್ರವರಿ ಮಾರ್ಚ್‌ನಲ್ಲಿ ಬಿಸಿಲು ಜೋರಾದರೆ ಗಿಡ ಬೇಸಿಗೆ ಬಂತೆಂದು ನಂಬಿ ಬೇಗ ಚಿಗುರುತ್ತೆ. ರಾತ್ರಿಯ ಚಳಿ ಮಾತ್ರ ಹಳೇ ಕ್ಯಾಲೆಂಡರ್ ಪ್ರಕಾರ ಬರುತ್ತೆ. ಫ್ರಾನ್ಸಿನಲ್ಲಿ 2021ರಲ್ಲಿ ಆಗಿದ್ದು ಇದೇ. ಮಾರ್ಚ್ ಕೊನೆಯಲ್ಲಿ ಕಾಲಕ್ಕೆ ಮೀರಿದ ಬಿಸಿ, ದ್ರಾಕ್ಷಿ ಬಳ್ಳಿಗಳೆಲ್ಲ ಕಣ್ಣು ಬಿಟ್ಟವು. ಏಪ್ರಿಲ್ ಮೊದಲ ವಾರ ಸತತ ಫ್ರಾಸ್ಟ್. ದ್ರಾಕ್ಷಿಯ ಜೊತೆ ಏಪ್ರಿಕಾಟ್, ಚೆರಿ ತೋಟಗಳೂ ಹೋದವು. ಹವಾಮಾನ ಬದಲಾವಣೆಯಿಂದ ಅಂಥ ಘಟನೆಯ ಸಾಧ್ಯತೆ ಶೇ 60ರಷ್ಟು ಹೆಚ್ಚಿತ್ತು ಅಂತ ಅದೇ ಜೂನ್‌ನಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿ ಹೇಳಿದರು. ಭೂಮಿ ಬಿಸಿಯಾದರೆ ಚಳಿಯ ಹಾನಿ ಕಡಿಮೆ ಆಗಬೇಕಲ್ಲ ಅಂತ ಅನ್ನಿಸೋದು ಸಹಜ. ಹೂವಿನ ವಿಷಯದಲ್ಲಿ ಉಲ್ಟಾ ಆಗ್ತಿದೆ.

ಅದೇ ವರ್ಷ ಜುಲೈನಲ್ಲಿ ಬ್ರೆಜಿಲ್ ಕಾಫಿ ತೋಟಗಳ ಮೇಲೆ ಫ್ರಾಸ್ಟ್ ಬಿದ್ದು ಅರೇಬಿಕಾ ದರ ಜಿಗಿದಿದ್ದು ಚಿಕ್ಕಮಗಳೂರು, ಕೊಡಗಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಒಬ್ಬರ ತೋಟದ ಚಳಿ ಇನ್ನೊಬ್ಬರ ಜೇಬಿಗೆ ಬಿಸಿ.

ಚಳಿ ಹುಟ್ಟೋದು ನಿಮ್ಮ ಹೊಲದಲ್ಲೇ

ಇದು ಈ ಲೇಖನದ ತಿರುಳು, ಸ್ವಲ್ಪ ನಿಧಾನವಾಗಿ ಓದಿ.

ಚಳಿ ಎಲ್ಲೋ ಉತ್ತರದಿಂದ ಗಾಳಿಯಲ್ಲಿ ಬರುತ್ತೆ ಅಂತ ನಾವು ಅಂದ್ಕೊಂಡಿರ್ತೀವಿ. ಅರ್ಧ ನಿಜ. ಉತ್ತರದ ಒಣ ತಂಪು ಗಾಳಿ ಬರೋದು ಹೌದು. ಆದರೆ ಬೆಳಗಿನ ಜಾವ ಎಲೆಗೆ ತಾಗೋ ಕೊನೆಯ ನಾಲ್ಕೈದು ಡಿಗ್ರಿ ಚಳಿ ತಯಾರಾಗೋದು ಅವರವರ ಹೊಲದಲ್ಲೇ. ಹಗಲು ಬಿಸಿಲಿಗೆ ಕಾದ ನೆಲ ಮತ್ತು ಎಲೆ ರಾತ್ರಿಯೆಲ್ಲ ಆ ಶಾಖವನ್ನ ಆಕಾಶಕ್ಕೆ ಬಿಟ್ಟುಕೊಡ್ತಾ ಇರ್ತವೆ. ಮೋಡ ಇದ್ದರೆ ಅದು ಕಂಬಳಿ ಹೊದಿಸಿದ ಹಾಗೆ ಒಂದಷ್ಟು ಶಾಖವನ್ನ ವಾಪಸ್ ಕಳಿಸುತ್ತೆ. ಮೋಡ ಇಲ್ಲ, ಗಾಳಿಯಲ್ಲಿ ತೇವ ಕಡಿಮೆ ಅಂದರೆ ಕಂಬಳಿ ಇಲ್ಲ. ಶಾಖ ನೇರ ಮೇಲಕ್ಕೆ. ಎಲೆ ತನ್ನ ಸುತ್ತಲಿನ ಗಾಳಿಗಿಂತಲೂ ಒಂದೆರಡು ಡಿಗ್ರಿ ಹೆಚ್ಚು ತಣ್ಣಗಾಗುತ್ತೆ. ರಾತ್ರಿ ಅಂಗಳದಲ್ಲಿ ನಿಲ್ಲಿಸಿದ ಬೈಕಿನ ಸೀಟು ಬೆಳಗ್ಗೆ ಒದ್ದೆಯಾಗಿರುತ್ತಲ್ಲ, ಮಾಡಿನ ಕೆಳಗೆ ನಿಲ್ಲಿಸಿದ್ದು ಒಣಗಿರುತ್ತಲ್ಲ, ಕಾರಣ ಇದೇ. ಮಾಡು ಆಕಾಶವನ್ನ ಮರೆ ಮಾಡಿರುತ್ತೆ.

ನೆಲಕ್ಕೆ ತಾಗಿದ ಗಾಳಿ ಹೀಗೆ ತಣ್ಣಗಾದ ಮೇಲೆ ಭಾರ ಆಗುತ್ತೆ. ಭಾರವಾದ ಗಾಳಿ ನೀರಿನ ಹಾಗೇ ಹರಿಯುತ್ತೆ. ಇಳಿಜಾರಿನಲ್ಲಿ ಮೆಲ್ಲಗೆ ಕೆಳಗಿಳಿದು ತಗ್ಗಿನಲ್ಲಿ, ಹಳ್ಳದ ದಂಡೆಯಲ್ಲಿ, ಎತ್ತರದ ಒಡ್ಡಿನ ಹಿಂದೆ ಕೆರೆ ಕಟ್ಟಿದ ಹಾಗೆ ನಿಲ್ಲುತ್ತೆ. ಅದರ ಮೇಲೆ, ತೆಂಗಿನಮರದ ಎತ್ತರದಲ್ಲಿ, ಬೆಚ್ಚಗಿನ ಗಾಳಿಯ ಪದರ ಉಳಿದಿರುತ್ತೆ. ಕ್ಯಾಲಿಫೋರ್ನಿಯಾದಂಥ ಕಡೆ ತೋಟದ ನಡುವೆ ಎತ್ತರದ ಕಂಬಕ್ಕೆ ದೊಡ್ಡ ಫ್ಯಾನ್ ಕಟ್ಟೋದು ಈ ಮೇಲಿನ ಬೆಚ್ಚನೆ ಗಾಳಿಯನ್ನ ಕೆಳಗೆ ಬೆರೆಸೋಕೆ.

ಇದನ್ನ ಕಣ್ಣಾರೆ ನೋಡಬೇಕಂದರೆ ನಮಗೆ ಹತ್ತಿರದ ಜಾಗ ಊಟಿ. ಡಿಸೆಂಬರ್ ಕೊನೆ, ಜನವರಿಯಲ್ಲಿ ಬೆಳಗ್ಗೆ ಬೇಗ ಎದ್ದು ಹೊರಟರೆ ತಗ್ಗಿನ ಹುಲ್ಲುಗಾವಲು ಬೆಳ್ಳಗಿರುತ್ತೆ, ಅದರ ಮೇಲಿನ ಇಳಿಜಾರು ಹಸಿರಾಗಿಯೇ ಇರುತ್ತೆ. ಬೆಟ್ಟದ ಮೇಲೆ ಹೋದಷ್ಟೂ ಚಳಿ ಅನ್ನೋ ನಮ್ಮ ಲೆಕ್ಕ ಆ ಒಂದು ರಾತ್ರಿಗೆ ತಲೆಕೆಳಗಾಗಿರುತ್ತೆ.

ಈಗ ಮೊಬೈಲಿಗೆ ಬನ್ನಿ. ಆ್ಯಪ್‌ನಲ್ಲಿ 'ಕನಿಷ್ಠ 11 ಡಿಗ್ರಿ' ಅಂತ ಬರುತ್ತೆ. ಅದು ಹತ್ತಾರು ಚದರ ಕಿಲೋಮೀಟರಿಗೆ ಒಂದು ಅಂತ ಕಂಪ್ಯೂಟರ್ ಲೆಕ್ಕ ಹಾಕಿದ ಅಂಕಿ, ಇಲ್ಲವೇ ದೂರದ ಒಂದು ಕೇಂದ್ರದ ಅಳತೆ. ಕೇಂದ್ರದಲ್ಲಾದರೂ ಥರ್ಮಾಮೀಟರ್ ಇರೋದು ಗಾಳಿಯಾಡೋ ಬಿಳಿ ಪೆಟ್ಟಿಗೆಯೊಳಗೆ, ಆಳೆತ್ತರದಲ್ಲಿ. ನಿಮ್ಮ ಗೊನೆ, ಎಲೆ ಇರೋದು ಬಯಲಿಗೆ. ಎಲ್ಲ ತೋಟದ ತಗ್ಗುಗಳೂ ಆ ಆ್ಯಪ್‌ಗೆ ಒಂದೇ. ನಮ್ಮ ತೋಟದ ಮೇಲಿನ ಬದುವಿಗೂ ಹಳ್ಳದ ಕಡೆಯ ಮೂಲೆಗೂ ನಡುವೆ ಇನ್ನೂರು ಹೆಜ್ಜೆಯೂ ಇಲ್ಲ. ಥಂಡಿ ದಿನಗಳಲ್ಲಿ ಎರಡೂ ಕಡೆ ಇಟ್ಟ ಥರ್ಮಾಮೀಟರ್ ಮೂರು ಡಿಗ್ರಿ ಹೆಚ್ಚುಕಡಿಮೆ ತೋರಿಸುತ್ತೆ. ಮೇಲೆ ಹೇಳಿದ ಸೇಬಿನ ಲೆಕ್ಕ ನೆನಪಿದೆಯಲ್ಲ, ಅಲ್ಲಿ ಬೆಳೆಯ ಹಣೆಬರಹ ಬದಲಾಗೋಕೆ ಎರಡು ಡಿಗ್ರಿಯೂ ಬೇಕಿರಲಿಲ್ಲ.

ಹಾಗಾಗಿ ಒಂದು ಮಾತು. ಈ ಚಳಿಗಾಲಕ್ಕೆ ಮುಂಚೆ ಮಿನಿಮಮ್–ಮ್ಯಾಕ್ಸಿಮಮ್ ಥರ್ಮಾಮೀಟರ್ ಎರಡಾದರೂ ತಗೊಳ್ಳಿ. ಕೆಲವು ನೂರು ರೂಪಾಯಿಯ ಸಾಮಾನು, ಒಂದು ಸ್ಪ್ರೇ ಔಷಧಿ ಡಬ್ಬಿಗಿಂತ ಅಗ್ಗ. ತೋಟದ ಅತಿ ಎತ್ತರದ ಜಾಗದಲ್ಲಿ ಒಂದು, ಅತಿ ತಗ್ಗಿನಲ್ಲಿ ಒಂದು, ಗೊನೆ ಇರೋ ಎತ್ತರಕ್ಕೆ ಕಟ್ಟಿ, ನೇರ ಬಿಸಿಲು ಬೀಳದ ಹಾಗೆ. ಬೆಳಗ್ಗೆ ಫೋಟೋ ಹೊಡೆದರೆ ಸಾಕು, ತಾರೀಖು ಸಮೇತ ಮೊಬೈಲ್‌ನಲ್ಲಿ ಉಳಿಯುತ್ತೆ. ಒಂದು ಚಳಿಗಾಲ ಹೀಗೆ ಮಾಡಿದರೆ ಆ್ಯಪ್ ಇಷ್ಟು ಅಂದರೆ ನನ್ನ ತಗ್ಗಿನಲ್ಲಿ ಎಷ್ಟು ಅನ್ನೋ ನಿಮ್ಮದೇ ಲೆಕ್ಕ ಕೈಗೆ ಬರುತ್ತೆ. ಅಂಥ ಲೆಕ್ಕವನ್ನ ಯಾವ ಕಂಪನಿಯ ಆ್ಯಪ್ ಕೂಡ ಕೊಡಲ್ಲ.

ಆ್ಯಪ್ ಬೇಡ ಅಂತ ಹೇಳ್ತಿಲ್ಲ. ಅದರಲ್ಲಿ ನೋಡಬೇಕಾದ್ದು ಬೇರೆ ಇದೆ. ರಾತ್ರಿ ಮೋಡ ಇದೆಯಾ, ಗಾಳಿ ವೇಗ ಎಷ್ಟು, ಡ್ಯೂ ಪಾಯಿಂಟ್ ಎಷ್ಟು. ಈ ಡ್ಯೂ ಪಾಯಿಂಟ್ ಅಂದರೆ ಗಾಳಿಯ ತೇವ ಇಬ್ಬನಿಯಾಗಿ ಕೂರೋ ತಾಪಮಾನ. ಇಬ್ಬನಿ ಕೂರುವಾಗ ಶಾಖ ಬಿಡುತ್ತೆ, ಅಲ್ಲಿಂದ ಮುಂದೆ ಚಳಿ ಇಳಿಯೋದು ನಿಧಾನ ಆಗುತ್ತೆ. ಡ್ಯೂ ಪಾಯಿಂಟ್ 14 ಇದ್ದರೆ ರಾತ್ರಿ ತೀರಾ ಕೆಳಗೆ ಇಳಿಯೋದು ಕಷ್ಟ. 4 ಇದ್ದರೆ, ಮೋಡವೂ ಇಲ್ಲ ಗಾಳಿಯೂ ಇಲ್ಲ ಅಂದರೆ, ಆ ರಾತ್ರಿ ತಗ್ಗಿನ ಸಾಲುಗಳ ಮೇಲೆ ಕಣ್ಣಿಡಿ. ಅತಿ ಹೆಚ್ಚು ಚಳಿ ಇರೋದು ಮಧ್ಯರಾತ್ರಿ ಅಲ್ಲ, ಸೂರ್ಯ ಹುಟ್ಟೋ ಹೊತ್ತಿಗೆ. ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್‌ನಲ್ಲಿ ಮಂಗಳವಾರ, ಶುಕ್ರವಾರ ಜಿಲ್ಲಾವಾರು ಸಲಹೆ ಕನ್ನಡದಲ್ಲೇ ಬರುತ್ತೆ. ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನ ಹಾಕಿದೆ, ಇಷ್ಟು ಹತ್ತಿರದ ಅಳತೆ ಸಿಗೋ ರಾಜ್ಯಗಳು ಕಡಿಮೆ. ಹವಾಮಾನ ಇಲಾಖೆ ನಮ್ಮಂಥ ಬಯಲು ಸೀಮೆಗೆ ಶೀತ ಅಲೆ ಅಂತ ಘೋಷಿಸೋದು ಕನಿಷ್ಠ ತಾಪಮಾನ 10 ಅಥವಾ ಅದಕ್ಕಿಂತ ಕೆಳಗಿಳಿದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆ ಇದ್ದಾಗ. ಆ ಎಚ್ಚರಿಕೆ ಬಂದ ದಿನ ತಗ್ಗಿನ ಹೊಲದವರು ಅದಕ್ಕೂ ಎರಡು ಮೂರು ಡಿಗ್ರಿ ಕಳೆದು ಓದಿಕೊಳ್ಳಬೇಕು.

ನೀರು, ಬೆಂಕಿ, ಹೊಗೆ

ಆ ಸ್ಪ್ರಿಂಕ್ಲರ್ ವಿಡಿಯೋದ ಗುಟ್ಟು ಇಷ್ಟೇ. ಒಂದು ಗ್ರಾಂ ನೀರು ಮಂಜುಗಡ್ಡೆ ಆಗುವಾಗ 80 ಕ್ಯಾಲೊರಿ ಶಾಖ ಬಿಡುತ್ತೆ. ನೀರು ಬೀಳ್ತಾ, ಹೆಪ್ಪುಗಟ್ತಾ ಇರೋವರೆಗೂ ಹೂವಿನ ತಾಪಮಾನ ಸೊನ್ನೆಯ ಆಸುಪಾಸಿನಲ್ಲೇ ನಿಲ್ಲುತ್ತೆ, ಮೈನಸ್ 2.2ಕ್ಕೆ ಇಳಿಯಲ್ಲ. ಮಂಜುಗಡ್ಡೆ ಹೂವನ್ನ ಬೆಚ್ಚಗಿಡೋದಿಲ್ಲ, ಹೆಪ್ಪುಗಟ್ಟೋ ಕ್ರಿಯೆ ಬೆಚ್ಚಗಿಡುತ್ತೆ. ನಡುರಾತ್ರಿ ಪಂಪು ನಿಂತರೆ ಲೆಕ್ಕ ಉಲ್ಟಾ. ಒಂದು ಗ್ರಾಂ ನೀರು ಆವಿಯಾಗೋಕೆ ಸುಮಾರು 600 ಕ್ಯಾಲೊರಿ ಎಳ್ಕೊಳ್ಳುತ್ತೆ, ಅಂದರೆ ಏಳೂವರೆ ಗ್ರಾಂ ಹೆಪ್ಪುಗಟ್ಟಿ ಕೊಟ್ಟಿದ್ದನ್ನ ಒಂದೇ ಗ್ರಾಂ ಆವಿಯಾಗಿ ತಿಂದುಹಾಕುತ್ತೆ. ನೀರು ಬಿಡದೇ ಇದ್ದಿದ್ದಕ್ಕಿಂತ ಹೆಚ್ಚು ಹಾನಿ.

ನಮ್ಮ ಥಂಡಿ ರಾತ್ರಿಯಲ್ಲಿ 7–8 ಡಿಗ್ರಿ ಇರುತ್ತೆ. ನೀರು ಹೆಪ್ಪುಗಟ್ಟೋದೇ ಇಲ್ಲ. ಹಾಗಾಗಿ ಆ 80 ಕ್ಯಾಲೊರಿಯ ಲಾಭ ನಮಗೆ ಸೊನ್ನೆ, ಆವಿಯಾಗೋ ನಷ್ಟ ಮಾತ್ರ ಪೂರ್ತಿ. ಜೊತೆಗೆ ಎಲೆ, ಗೊನೆ ರಾತ್ರಿಯೆಲ್ಲ ಒದ್ದೆ. ಡೌನಿ ರೋಗಕ್ಕೆ ಬೇಕಾಗಿದ್ದೂ ಅದೇ. ಇನ್ನು ನೀರಿನ ಲೆಕ್ಕ ಕೇಳಿ. ಗಂಟೆಗೆ 3 ಮಿಲಿಮೀಟರ್ ಸುರಿಸಬೇಕು ಅಂದರೆ ಎಕರೆಗೆ ಗಂಟೆಗೆ ಸುಮಾರು 12 ಸಾವಿರ ಲೀಟರ್. ಹತ್ತು ಗಂಟೆಗೆ 1 ಲಕ್ಷ 20 ಸಾವಿರ. 6 ಸಾವಿರ ಲೀಟರಿನ ಟ್ಯಾಂಕರ್ ಇಪ್ಪತ್ತು, ಒಂದು ರಾತ್ರಿಗೆ, ಒಂದು ಎಕರೆಗೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ದ್ರಾಕ್ಷಿ ಉಳಿಸಿಕೊಂಡ ಊರಿನವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾ?

ಬೆಂಕಿಯ ವಿಷಯ. ನಾಸಿಕ್ ಕಡೆ, ಅದರಲ್ಲೂ ನಿಫಾಡ್ ತಾಲ್ಲೂಕಿನಲ್ಲಿ, ಕೆಲವು ವರ್ಷ ಚಳಿ 5 ಡಿಗ್ರಿಗಿಂತ ಕೆಳಗೆ ಇಳಿಯುತ್ತೆ. ಅಲ್ಲಿನ ದ್ರಾಕ್ಷಿ ಬೆಳೆಗಾರರು ಸಾಲಿನ ನಡುವೆ ಬೆಂಕಿ ಹಾಕ್ತಾರೆ. ನಮ್ಮಲ್ಲೂ ಅದನ್ನ ನೋಡಿ ಕಲಿತವರಿದ್ದಾರೆ. ಕೆಲವರು ಬೇಕಂತಲೇ ಹಸಿ ಕಸ, ಒದ್ದೆ ಹುಲ್ಲು ಹಾಕಿ ದಟ್ಟ ಹೊಗೆ ಎಬ್ಬಿಸ್ತಾರೆ, ಹೊಗೆ ಮೋಡದ ಹಾಗೆ ಚಳಿ ತಡೆಯುತ್ತೆ ಅನ್ನೋ ನಂಬಿಕೆ. ತಡೆಯಲ್ಲ. ಹೊಗೆಯ ಕಣಗಳು ತೀರಾ ಸಣ್ಣ, ನೆಲ ಬಿಡೋ ಶಾಖದ ಅಲೆ ಅದರ ಹತ್ತುಪಟ್ಟು ಉದ್ದದ್ದು, ಆರಾಮಾಗಿ ದಾಟಿ ಹೋಗುತ್ತೆ. ಮೋಡದ ಹನಿ ದೊಡ್ಡದು, ಅದಕ್ಕೇ ಅದು ತಡೆಯುತ್ತೆ. ಮೇಲಾಗಿ ಬೆಳಗ್ಗೆ ಆ ಹೊಗೆ ಬಿಸಿಲಿಗೇ ಅಡ್ಡ ಬಂದು ತೋಟ ಬೆಚ್ಚಗಾಗೋದನ್ನ ತಡ ಮಾಡುತ್ತೆ. ಹಿಮಾಚಲದಲ್ಲೂ ಈ ಹೊಗೆಯ ನಂಬಿಕೆ ಇದೆ, ಯುರೋಪಿನಲ್ಲೂ ಇತ್ತು. ಹಳೇ ಟೈರು ಸುಡೋದನ್ನಂತೂ ಎಲ್ಲಿ ಕಂಡರೂ ನಿಲ್ಲಿಸಿ. ಆ ಮಸಿ ಗೊನೆ ಮೇಲೆ ಕೂರುತ್ತೆ, ನಿಮ್ಮ ಎದೆಯಲ್ಲೂ ಕೂರುತ್ತೆ.

ಬೆಂಕಿಯಲ್ಲಿ ಕೆಲಸ ಮಾಡೋದು ಶಾಖ, ಅದೂ ಸಣ್ಣ ಸಣ್ಣದಾಗಿ ಹಂಚಿದ ಶಾಖ. ಒಂದು ದೊಡ್ಡ ಬೆಂಕಿ ಹಾಕಿದರೆ ಬಿಸಿಗಾಳಿ ರಭಸದಿಂದ ಮೇಲೇರಿ ಆ ಬೆಚ್ಚನೆ ಪದರವನ್ನೂ ತೂರಿ ಹೋಗುತ್ತೆ, ಸುತ್ತಲಿನ ತಣ್ಣನೆ ಗಾಳಿಯನ್ನ ತೋಟಕ್ಕೇ ಎಳ್ಕೊಳ್ಳುತ್ತೆ. ಫ್ರಾನ್ಸಿನವರು ಹೆಕ್ಟೇರಿಗೆ ನಾನೂರು ಐನೂರು ಮೇಣದ ಡಬ್ಬಿ ಇಡೋದು ಅದಕ್ಕೆ. ನಮ್ಮ ಎಕರೆ ಲೆಕ್ಕದಲ್ಲಿ 160ರಿಂದ 200. ನಮ್ಮಲ್ಲಿ ಅಷ್ಟು ಖರ್ಚಿಗೆ ಬೆಲೆ ಇಲ್ಲ, ಅಗತ್ಯವೂ ಇಲ್ಲ. ಚಾಟ್ನಿ ಕಡ್ಡಿ ಸುಡೋ ಬದಲು ಪುಡಿ ಮಾಡಿ ನೆಲಕ್ಕೆ ಸೇರಿಸಿ ಅನ್ನೋದು ನನ್ನ ಪಕ್ಷಪಾತ. ಡ್ರಿಪ್ ಪೈಪು, ಶೇಡ್ ನೆಟ್ ಪಕ್ಕದಲ್ಲಿ ಬೆಂಕಿ ಇಟ್ಟು ಮಲಗೋರನ್ನ ನೋಡಿದರೆ ನನಗೆ ಚಳಿಗಿಂತ ಅದರ ಭಯ ಹೆಚ್ಚು.

ನಮ್ಮ ಪಡಕ್ಕೆ ಬಂದರೆ

ಅಕ್ಟೋಬರ್ ಚಾಟ್ನಿ ಮಾಡಿದ ಪಡದಲ್ಲಿ ಡಿಸೆಂಬರ್ ಅಂದರೆ ಕಾಯಿ ಉಬ್ಬೋ ಕಾಲ, ಜನವರಿ ಅಂದರೆ ಕಾಯಿ ಮೆತ್ತಗಾಗಿ ನೀರಿಳಿಯೋ ಕಾಲ. ದ್ರಾಕ್ಷಿ ಬಳ್ಳಿ 10 ಡಿಗ್ರಿಗಿಂತ ಕೆಳಗೆ ಬೆಳವಣಿಗೆ ನಿಲ್ಲಿಸುತ್ತೆ ಅಂತಲೇ ಪ್ರಪಂಚದ ದ್ರಾಕ್ಷಿ ಶಾಸ್ತ್ರವೆಲ್ಲ ಲೆಕ್ಕ ಹಾಕೋದು. ರಾತ್ರಿ 8 ಇಳಿದ ಮಾತ್ರಕ್ಕೆ ಬಳ್ಳಿ ಸಾಯಲ್ಲ. ಕಾಯಿ ಉಬ್ಬೋದು ನಿಧಾನ ಆಗುತ್ತೆ, ಸಕ್ಕರೆ ಏರೋದು ತಡ ಆಗುತ್ತೆ, ಕೊಯ್ಲು ಮುಂದೆ ಹೋಗುತ್ತೆ. ಹಗಲು 30, ರಾತ್ರಿ 8 ಹೀಗೆ ಭಾರೀ ಅಂತರ ಇದ್ದಾಗ ಥಾಮ್ಸನ್, ತಾಸ್‌–ಎ–ಗಣೇಶ್ ತಳಿಗಳಲ್ಲಿ ಹಸಿರು ಕಾಯಿ ಗುಲಾಬಿ ಬಣ್ಣಕ್ಕೆ ತಿರುಗುತ್ತೆ, ವ್ಯಾಪಾರಿಗಳು 'ಪಿಂಕ್ ಬೆರಿ' ಅಂತ ಬದಿಗೆ ಹಾಕೋದು ಇದನ್ನೇ. ರುಚಿಗೆ ಏನೂ ಆಗಿರಲ್ಲ, ರಫ್ತಿನ ದರ ಮಾತ್ರ ಹೋಗಿರುತ್ತೆ. ಕಾಯಿ ಮೆತ್ತಗಾಗೋಕೆ ಮುಂಚೆ ಗೊನೆಗೆ ಪೇಪರ್ ಸುತ್ತೋದು ಇದಕ್ಕೆ ಸಿಕ್ಕಿರೋ ಒಳ್ಳೇ ಉಪಾಯ. ಆಳಿನ ಖರ್ಚು ಬರುತ್ತೆ. ಎಲ್ಲ ಸಾಲಿಗೂ ಆಗದಿದ್ದರೆ ಥರ್ಮಾಮೀಟರ್ ತೋರಿಸಿದ ತಗ್ಗಿನ ಸಾಲುಗಳಿಗೆ ಮೊದಲು ಸುತ್ತಿ. ಒಣದ್ರಾಕ್ಷಿಗೇ ಬಿಡೋ ಪಡ ಆದರೆ ಈ ಖರ್ಚಿನ ಬಗ್ಗೆ ಎರಡು ಸಲ ಯೋಚಿಸಿ. ಪುಣೆಯ ಮಾಂಜರಿಯಲ್ಲಿರೋ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದ ಹವಾಮಾನ ಸಲಹೆಯನ್ನೂ ಮೊಬೈಲ್‌ನಲ್ಲಿ ಓದೋ ರೂಢಿ ಇಟ್ಟುಕೊಳ್ಳಿ.

ಚಳಿ ಬರೋ ರಾತ್ರಿಗಿಂತ ಹಿಂದಿನ ಎರಡು ದಿನದ ಕೆಲಸವೇ ಹೆಚ್ಚು ಲಾಭದ್ದು. ನೆಲವನ್ನ ಒಂದು ಬ್ಯಾಟರಿ ಅಂದ್ಕೊಳ್ಳಿ, ಹಗಲು ಚಾರ್ಜ್ ಆಗಿ ರಾತ್ರಿ ಖಾಲಿಯಾಗುತ್ತೆ. ಒಣಗಿ ಬಿರುಕು ಬಿಟ್ಟ ಎರೆ ಭೂಮಿಯ ಒಳಗೆಲ್ಲ ಗಾಳಿ, ಅದು ಚಾರ್ಜ್ ಹಿಡಿಯಲ್ಲ. ಮೇಲಿನ ಒಂದಡಿ ಮಣ್ಣು ಹದವಾಗಿ ತೇವ ಇದ್ದರೆ ಹಗಲಿನ ಶಾಖ ಒಳಗೆ ಇಳಿಯುತ್ತೆ, ರಾತ್ರಿ ಮೆಲ್ಲಗೆ ಹೊರಗೆ ಬರುತ್ತೆ. ಹಾಗಾಗಿ ಮುನ್ಸೂಚನೆ ಕಂಡ ಒಂದೆರಡು ದಿನ ಮುಂಚೆ ಹಗಲಲ್ಲೇ ನೀರು ಕೊಡಿ. ಕೆಸರು ಮಾಡಬೇಡಿ, ಬೇರಿಗೂ ಉಸಿರಾಡಬೇಕು. ಸಾಲಿನ ನಡುವೆ ಮೊಣಕಾಲುದ್ದ ಕಳೆ ಇದ್ದರೆ ಕೊಯ್ದು ಹಾಕಿ, ಕಳೆಯ ನೆರಳಿಗೆ ನೆಲ ಕಾಯೋದಿಲ್ಲ.

ಇಲ್ಲಿ ನಮ್ಮಂಥ ಸಾವಯವದವರಿಗೆ ಒಂದು ಇಕ್ಕಟ್ಟು. ಕಬ್ಬಿನ ರವದಿ, ಒಣ ಎಲೆ ದಪ್ಪಗೆ ಹೊದಿಸೋದು ನಮ್ಮ ಮೊದಲ ಪಾಠ. ನೀರು ಉಳಿಯುತ್ತೆ, ಎರೆಹುಳು ಬರುತ್ತೆ, ಎಲ್ಲ ನಿಜ. ಆದರೆ ಥಂಡಿ ರಾತ್ರಿಯ ಲೆಕ್ಕದಲ್ಲಿ ಹೊದಿಕೆ ನಮಗೆ ಎದುರಾಳಿ. ಹಗಲು ಬಿಸಿಲನ್ನ ಮಣ್ಣಿಗೆ ಇಳಿಯೋಕೆ ಬಿಡಲ್ಲ, ರಾತ್ರಿ ಮಣ್ಣಿನ ಶಾಖವನ್ನ ಗೊನೆಯ ಕಡೆ ಬರೋಕೆ ಬಿಡಲ್ಲ. ಬೇರು ಬೆಚ್ಚಗಿರುತ್ತೆ, ಮೇಲಿನ ಗೊನೆ ನಡುಗುತ್ತೆ. ಫ್ರಾಸ್ಟ್ ಬೀಳೋ ದೇಶಗಳಲ್ಲಿ ಹೂ ಬಿಡೋ ಹೊತ್ತಿಗೆ ಸಾಲಿನ ನಡುವಿನ ಹುಲ್ಲನ್ನ ತೀರಾ ಗಿಡ್ಡಕ್ಕೆ ಕತ್ತರಿಸೋದೂ ಹೊದಿಕೆಯನ್ನ ಆಮೇಲೆ ಹಾಕೋದೂ ಇದಕ್ಕೇ. ಹಾಗಂತ ಇಡೀ ತೋಟದ ಹೊದಿಕೆ ಕಿತ್ತುಹಾಕಿ ಅಂತ ನಾನು ಹೇಳಲ್ಲ. ನಮ್ಮಲ್ಲಿ ತೀರಾ ಥಂಡಿ ಇರೋದು ಕೆಲವೇ ದಿನ, ನೀರಿನ ಕೊರತೆ ವರ್ಷಪೂರ್ತಿ. ಥರ್ಮಾಮೀಟರ್ ತಗ್ಗು ಅಂತ ತೋರಿಸಿದ ಮೂಲೆಯಲ್ಲಿ ಮಾತ್ರ ಡಿಸೆಂಬರ್ ಮಧ್ಯದಿಂದ ಜನವರಿ ಕೊನೆವರೆಗೆ ರವದಿಯನ್ನ ಬುಡದ ಕಡೆ ಎಳೆದು, ಸಾಲಿನ ನಡುವಿನ ನೆಲ ಬಿಸಿಲಿಗೆ ಬಿಡಿ. ಫೆಬ್ರವರಿಯಲ್ಲಿ ಮತ್ತೆ ಹರಡಿ.

ತಣ್ಣನೆ ಗಾಳಿ ಹರಿದು ಹೋಗೋ ದಾರಿಯನ್ನೂ ನೋಡಿ. ಇಳಿಜಾರಿನ ಕೆಳಗಿನ ಬದುವಿನಲ್ಲಿ ಒತ್ತಾಗಿ ಗಿಡ ಬೆಳೆಸಿದ್ದರೆ, ಅಥವಾ ದನ ಬರದಿರಲಿ ಅಂತ ನೆಲಕ್ಕೆ ತಾಗೋ ಹಾಗೆ ಶೇಡ್ ನೆಟ್ ಕಟ್ಟಿದ್ದರೆ, ಅದೇ ಅಣೆಕಟ್ಟು. ಚಳಿ ಅದರ ಹಿಂದೆ ತುಂಬಿಕೊಂಡು ನಿಲ್ಲುತ್ತೆ. ನೆಟ್ಟನ್ನ ಮೊಣಕಾಲು ಎತ್ತರಕ್ಕೆ ಸುತ್ತಿಡಿ, ಬೇಲಿ ಗಿಡಗಳ ಬುಡದ ಕೊಂಬೆ ಸವರಿ, ಒಂದೆರಡು ಕಡೆ ಸಂದು ಬಿಡಿ. ಕಾಸು ಖರ್ಚಿಲ್ಲದ ಕೆಲಸ. ಗಾಳಿ ತಡೆಯೋ ಸಾಲುಮರ ಬೇಕಿದ್ದರೆ ಅದು ಮೇಲಿನ ಬದುವಿನಲ್ಲಿರಲಿ, ಮೇಲಿನಿಂದ ಹರಿದು ಬರೋ ಚಳಿಯನ್ನ ಅದು ಪಕ್ಕಕ್ಕೆ ತಿರುಗಿಸುತ್ತೆ.

ಇನ್ನು ರಾತ್ರಿ ಡ್ರಿಪ್. ಸ್ಪ್ರಿಂಕ್ಲರ್ ಬೇಡ ಅಂದೆ, ಡ್ರಿಪ್ ಬೇರೆ ಮಾತು. ಬೋರಿನ ಆಳದ ನೀರು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಉಗುರುಬೆಚ್ಚಗೆ ಇರುತ್ತೆ. ಥಂಡಿ ದಿನ ಬೆಳಗ್ಗೆ ಬೋರಿಗೆ ಕೈಯೊಡ್ಡಿದರೆ ಹಬೆಯಾಡೋದು ಕಾಣುತ್ತೆ. ಎಕರೆಗೆ 10 ಸಾವಿರ ಲೀಟರ್ ಬಿಟ್ಟು, ಆ ನೀರು ನೆಲದಲ್ಲಿ 10 ಡಿಗ್ರಿ ತಣ್ಣಗಾದರೆ, ಬಿಡುಗಡೆಯಾಗೋ ಶಾಖ ಸುಮಾರು 11–12 ಲೀಟರ್ ಡೀಸೆಲ್ ಸುಟ್ಟಷ್ಟು. ಅದೆಲ್ಲ ಗೊನೆಗೆ ತಲುಪಲ್ಲ, ಬಹಳಷ್ಟು ಮಣ್ಣೇ ಇಟ್ಟುಕೊಳ್ಳುತ್ತೆ, ಆದರೂ ಎಲೆ ಒದ್ದೆ ಮಾಡದೆ ಸಿಗೋ ಶಾಖ ಅದು. ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟಿಗೆ ವರ್ಷವೆಲ್ಲ ಬೈತೀವಿ, ಈ ಒಂದು ತಿಂಗಳು ಅದರಿಂದಲೇ ಕೆಲಸ ತಗೊಳ್ಳಿ. ಎರಡು ಎಚ್ಚರಿಕೆ. ಕೃಷಿ ಹೊಂಡದ ನೀರು ರಾತ್ರಿಯೆಲ್ಲ ಆಕಾಶಕ್ಕೆ ಮುಖ ಮಾಡಿ ತಣ್ಣಗಾಗಿರುತ್ತೆ, ಅದರಿಂದ ಈ ಲಾಭ ಇಲ್ಲ, ನೇರ ಬೋರಿನಿಂದಲೇ ಬಿಡಿ. ಹಣ್ಣಾಗೋ ಹಂತದಲ್ಲಿ ದಿನದ ಪ್ರಮಾಣ ಮೀರಿ ನೀರು ಕೊಡಬೇಡಿ, ಕಾಯಿ ಬಿರಿಯುತ್ತೆ. ದಿನಾ ಕೊಡೋ ನೀರನ್ನೇ ಬೆಳಗಿನ ಜಾವ ನಾಲ್ಕರಿಂದ ಏಳಕ್ಕೆ ಬದಲಾಯಿಸಿದರೆ ಸಾಕು. ಟಾರ್ಚು, ಗಂಬೂಟು ಮರೀಬೇಡಿ.

ಮಾವು ಬೆಳೆದವರು ಇದನ್ನ ಓದಿ ಹೆದರೋದು ಬೇಡ. ಮಾವಿಗೆ ಹೂ ಕಚ್ಚೋಕೆ ತಂಪು ರಾತ್ರಿ ಬೇಕೇ ಬೇಕು. ಹೂ ಅರಳಿದ ಮೇಲೂ ಥಂಡಿ ಎಳೆದರೆ ಕಾಯಿ ಕಚ್ಚೋದು ಕಡಿಮೆ ಆಗುತ್ತೆ, ಇಬ್ಬನಿಗೆ ಬೂದಿ ರೋಗ ಬರುತ್ತೆ. ಅದನ್ನ ಕಾಯೋದು ರೋಗದ ಕಡೆಯಿಂದ, ಬೆಂಕಿ ಹಾಕಿ ಅಲ್ಲ. ಬೀದರ್ ಕಡೆ ಪಪ್ಪಾಯಿ ಎಳೆ ಸಸಿ ನೆಟ್ಟವರು ಹುಲ್ಲಿನ ಗೂಡು ಮಾಡಿ ಮೂರು ಕಡೆ ಮುಚ್ಚಿ, ಬೆಳಗಿನ ಬಿಸಿಲು ಬರಲಿ ಅಂತ ಆಗ್ನೇಯಕ್ಕೆ ತೆರೆದಿಡಿ. ನಮ್ಮ ಬಿಸಿ ಸೀಮೆಯಲ್ಲಿ ಎಚ್‌ಆರ್‌ಎಂಎನ್–99 ಸೇಬು ನೆಟ್ಟವರಿಗೆ ಫ್ರಾಸ್ಟ್ ಚಿಂತೆ ಇಲ್ಲ. ಅಲ್ಲಿ ಸಮಸ್ಯೆ ಚಳಿ ಸಾಲದಿರೋದು.

ಅಂಗಡಿಯಲ್ಲಿ 'ಚಳಿ ತಡೆಯೋ ಟಾನಿಕ್' ಅಂತ ಕೈಗಿಟ್ಟರೆ, ಯಾವ ಬೆಳೆ, ಯಾವ ಹಂತ, ಎಷ್ಟು ಡಿಗ್ರಿಯಲ್ಲಿ ಪರೀಕ್ಷೆ ಮಾಡಿದ್ದು ಅಂತ ಕೇಳಿ. ಉತ್ತರ ಬರದಿದ್ದರೆ ದುಡ್ಡು ಜೇಬಲ್ಲೇ ಇರಲಿ.

ಥಂಡಿ ರಾತ್ರಿ ಕಳೆದ ಮಾರನೇ ಬೆಳಗ್ಗೆ ಹಿಮಾಚಲದ ಬೆಳೆಗಾರ ಮಾಡೋ ಮೊದಲ ಕೆಲಸ, ಹೂ ಕಿತ್ತು ಬ್ಲೇಡಿನಿಂದ ಅಡ್ಡ ಸೀಳೋದು. ಎಸಳು ಬೆಳ್ಳಗೆ ನಗ್ತಾ ಇದ್ದರೂ ನಡುವಿನ ಭಾಗ ಕಂದು ಆಗಿದ್ದರೆ ಆ ಹೂವಿನಿಂದ ಕಾಯಿ ಬರಲ್ಲ. ನೂರು ಹೂ ಸೀಳಿ ಎಷ್ಟು ಹೋದವು ಅಂತ ಎಣಿಸಿದರೆ ನಷ್ಟದ ಪರ್ಸೆಂಟ್ ಅಲ್ಲೇ ಸಿಗುತ್ತೆ. ನಾವೂ ಹಾಗೇ ಸಾಲುವಾರು ಎಣಿಸಬೇಕು. ಥಂಡಿ ಶುರುವಾಗೋಕೆ ಮುಂಚೆ ಎತ್ತರದ ಸಾಲಿನಲ್ಲಿ ಐದು, ತಗ್ಗಿನ ಸಾಲಿನಲ್ಲಿ ಐದು ಗೊನೆಗೆ ದಾರ ಕಟ್ಟಿ. ವಾರಕ್ಕೊಮ್ಮೆ ಅದೇ ಗೊನೆಗಳ ಕಾಯಿಯ ದಪ್ಪ ಅಳೆದು ಫೋಟೋ ತೆಗೀರಿ. ಎಲೆ ಅಂಚು ಸುಟ್ಟ ಹಾಗೆ ಕಂಡರೆ ಅವಸರದಲ್ಲಿ ಕತ್ತರಿಸಬೇಡಿ, ಮೇಲಿನ ಆ ಎಲೆಯೇ ಮುಂದಿನ ಥಂಡಿ ರಾತ್ರಿ ಗೊನೆಗೆ ಮಾಡಾಗಿ ನಿಲ್ಲೋದು. ಸಂಕ್ರಾಂತಿ ಕಳೆದು ರಾತ್ರಿ ಬೆಚ್ಚಗಾದ ಮೇಲೆ, ಎರಡೂ ಸಾಲುಗಳ ಸಕ್ಕರೆ ಅಂಶ ಬೇರೆ ಬೇರೆ ನೋಡಿ, ತಗ್ಗಿನ ಸಾಲಿನ ಕೊಯ್ಲಿಗೆ ವ್ಯಾಪಾರಿಗೆ ಬೇರೆಯೇ ತಾರೀಖು ಕೊಡಿ.